ಸೋಸಿದ್ದೂ ಉಳಿದದ್ದೂ: ಶೋಧಕದ ಆಯ್ಕೆಯ ಚರಿತ್ರೆಯಿಂದ ಕೆಲವು ಪುಟಗಳು

'ಸಂಶೋಧನೆ' ಎಂಬ ಪದದ ಮೂಲದಲ್ಲಿರುವುದು 'ಶುಧ್' ಎಂಬ ಧಾತು. ಶುದ್ಧವಾಗು ಎಂಬುದು ಅದರ ಅರ್ಥ. ಗ್ರಂಥಸಂಪಾದಕನು ಪಾಠವನ್ನು ಶೋಧಿಸುತ್ತಾನೆ, ರಸಾಯನಶಾಸ್ತ್ರಜ್ಞನು ದ್ರವವನ್ನು ಶೋಧಿಸುತ್ತಾನೆ. ಸಂಪಾದಕನು ಯಾವ ಪಾಠವನ್ನು ಮೇಲೆ ಉಳಿಸಿದನು, ಯಾವುದನ್ನು ಅಡಿಟಿಪ್ಪಣಿಗೆ ಇಳಿಸಿದನು, ಯಾವ ಮಾನದಂಡದಿಂದ ಹಾಗೆ ಮಾಡಿದನು ಎಂದು ಕೇಳದೆ ನಾವು ಒಂದು ಪರಿಷ್ಕರಣವನ್ನು ಒಪ್ಪುವುದಿಲ್ಲ. ಪ್ರಯೋಗಾಲಯದ ಶೋಧಕವನ್ನಾದರೋ ನಿರ್ಜೀವ ಉಪಕರಣವೆಂದು ತಿಳಿದು ಈ ಪ್ರಶ್ನೆಯನ್ನು ಬಿಟ್ಟುಬಿಡುವುದುಂಟು. ಹಾಗೆ ಬಿಟ್ಟಾಗ ಏನಾಯಿತು, ಕೇಳಿದಾಗ ಏನು ದೊರೆಯಿತು ಎಂಬುದಕ್ಕೆ ವಿಜ್ಞಾನದ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನಗಳಿವೆ.

ಶೋಧಕವನ್ನು ಆರಿಸುವವನ ಮೊದಲ ಪ್ರಶ್ನೆ ರಂಧ್ರದ ಅಳತೆಯದಲ್ಲ. ನನಗೆ ಬೇಕಾದುದು ಕೆಳಗೆ ಇಳಿದ ದ್ರವವೋ, ಮೇಲೆ ಉಳಿದ ಶೇಷವೋ ಎಂಬುದು. ತೂಕದ ವಿಶ್ಲೇಷಣೆಯಲ್ಲಿ ಶೇಷವೇ ಸರ್ವಸ್ವ. ಆದುದರಿಂದ ಸುಟ್ಟರೆ ಬೂದಿ ಉಳಿಯದಂಥ ಕಾಗದವನ್ನು ಅಲ್ಲಿ ಬಳಸುತ್ತಾರೆ. ಕಾಗದದ ಬೂದಿ ಶೇಷದ ತೂಕಕ್ಕೆ ಸೇರಬಾರದಷ್ಟೆ. ಹರಳುಗಳನ್ನು ಬೇಗನೆ ಬೇರ್ಪಡಿಸಬೇಕಾದಾಗ ನಿರ್ವಾತದ ಎಳೆತ ಬೇಕು. ಬುನ್ಸೆನ್ 1868ರಲ್ಲಿ ಆ ವಿಧಾನವನ್ನು ಬಳಕೆಗೆ ತಂದನು. ತಿಳಿಯಾದ ದ್ರವವಷ್ಟೇ ಸಾಕಾದರೆ ನೆರಿಗೆ ಮಡಿಸಿದ ಕಾಗದವೂ ಭೂಮಿಯ ಸೆಳೆತವೂ ಸಾಕು.

ಶೇಷವನ್ನು ಮರೆಯಬಾರದೆಂಬ ಎಚ್ಚರ ಪ್ರಯೋಗಾಲಯಕ್ಕಿಂತ ಹಳೆಯದು. ಹದಿಮೂರನೆಯ ಶತಮಾನದ ಆಶಾಧರನು 'ಸಾಗಾರಧರ್ಮಾಮೃತ'ದಲ್ಲಿ ನೀರು ಸೋಸುವ ವ್ರತಕ್ಕೆ ಒದಗುವ ಅತಿಚಾರಗಳನ್ನು ಹೇಳುತ್ತಾನೆ. ಎರಡು ಮುಹೂರ್ತ, ಎಂದರೆ 96 ನಿಮಿಷ, ಕಳೆದ ಮೇಲೆ ಮತ್ತೆ ಸೋಸದಿರುವುದು, ತಕ್ಕದಲ್ಲದ ಬಟ್ಟೆಯಲ್ಲಿ ಸೋಸುವುದು, ಸೋಸಿ ಉಳಿದುದನ್ನು ಬೇರೊಂದು ಜಲಾಶಯಕ್ಕೆ ಬಿಡುವುದು ಅವುಗಳಲ್ಲಿ ಸೇರಿವೆ. ಇದನ್ನು ಓದಿ ನಮ್ಮ ಹಿರಿಯರಿಗೆ ಸೂಕ್ಷ್ಮಜೀವಿಶಾಸ್ತ್ರ ಮೊದಲೇ ತಿಳಿದಿತ್ತೆಂದು ಹೇಳಹೊರಡುವುದು ಪಾಂಡಿತ್ಯವಲ್ಲ. ಅಲ್ಲಿನ ಉದ್ದೇಶ ಅಹಿಂಸೆ, ರೋಗನಿದಾನವಲ್ಲ. ಆದರೂ ಕಾಲ, ಮಾಧ್ಯಮ, ಶೇಷ ಈ ಮೂರನ್ನೂ ಒಟ್ಟಿಗೆ ಎಣಿಸಿದ ಕ್ರಮ ಗಮನಾರ್ಹ. ಯುರೋಪಿನ ಪ್ರಯೋಗಾಲಯಗಳು ತಮ್ಮ ಅಗತ್ಯಗಳಿಗಾಗಿ, ಬೇರೆಯದೇ ದಾರಿಯಲ್ಲಿ, ಇವೇ ಪ್ರಶ್ನೆಗಳನ್ನು ಎದುರಿಸಬೇಕಾಯಿತು.

ಅದರಲ್ಲಿ ಅತ್ಯಂತ ಫಲವತ್ತಾದ ಪ್ರಸಂಗ ಹೊಗೆಸೊಪ್ಪಿನ ಎಲೆಯದು. ಎಲೆಯ ಮೇಲೆ ತಿಳಿ-ಗಾಢ ಹಸುರಿನ ಮಚ್ಚೆಗಳನ್ನು ಮೂಡಿಸುವ ರೋಗವೊಂದನ್ನು ಹಾಲೆಂಡಿನಲ್ಲಿ ಅಡಾಲ್ಫ್ ಮಾಯರ್ ಅಭ್ಯಸಿಸಿದನು. ರೋಗಿ ಎಲೆಯ ರಸವನ್ನು ಆರೋಗ್ಯವಂತ ಗಿಡಕ್ಕೆ ಚುಚ್ಚಿದರೆ ರೋಗ ಹರಡುತ್ತದೆಂದು 1886ರಲ್ಲಿ ತೋರಿಸಿದನು. ಎರಡು ಪದರ ಸೋಸುಕಾಗದದಲ್ಲಿ ಇಳಿಸಿದ ತಿಳಿರಸ ರೋಗವನ್ನು ತರಲಿಲ್ಲವೆಂದು ಕಂಡು, ಕಾರಣ ಬ್ಯಾಕ್ಟೀರಿಯವೇ ಎಂದು ತೀರ್ಮಾನಿಸಿದನು. ಶೋಧಕವನ್ನು ನಂಬಿ ಮಾಡಿದ ತೀರ್ಮಾನವದು. ಆ ನಂಬಿಕೆ ತಪ್ಪಾಗಿತ್ತು.

ಅಷ್ಟರಲ್ಲಿ ಪ್ಯಾರಿಸಿನ ಪಾಸ್ತರನ ಪ್ರಯೋಗಾಲಯದಲ್ಲಿ ಶಾರ್ಲ್ ಶಾಂಬರ್ಲಾಂ 1884ರಲ್ಲಿ ಮೆರುಗಿಲ್ಲದ ಪಿಂಗಾಣಿಯ ಕ್ಯಾಂಡಲ್ ಒಂದನ್ನು ರೂಪಿಸಿದ್ದನು. ಒತ್ತಡದಿಂದ ದ್ರವವನ್ನು ಅದರ ಗೋಡೆಯ ಮೂಲಕ ಹಾಯಿಸಿದರೆ ಆಗ ತಿಳಿದಿದ್ದ ಬ್ಯಾಕ್ಟೀರಿಯಗಳೆಲ್ಲ ತಡೆಯಲ್ಪಡುತ್ತಿದ್ದವು. ನಮ್ಮ ಮನೆಗಳಲ್ಲಿದ್ದ ಸ್ಟೀಲ್ ಫಿಲ್ಟರುಗಳ ಕ್ಯಾಂಡಲ್ ಈ ವಂಶಕ್ಕೇ ಸೇರಿದ್ದು. ರಷ್ಯದ ದಿಮಿತ್ರಿ ಇವನೋವ್‌ಸ್ಕಿ ಮಾಯರನ ಎಲೆರಸವನ್ನು ಈ ಪಿಂಗಾಣಿಯ ಮೂಲಕ ಹಾಯಿಸಿ, ಇಳಿದ ರಸವೂ ರೋಗವನ್ನು ತರುತ್ತದೆಂದು 1892ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಗೆ ವರದಿ ಮಾಡಿದನು. ಆದರೆ ತನ್ನ ಕಣ್ಣೆದುರಿನ ಫಲಿತಾಂಶವನ್ನು ಅವನು ಹಳೆಯ ಚೌಕಟ್ಟಿನಲ್ಲಿಯೇ ಓದಿದನು: ಬ್ಯಾಕ್ಟೀರಿಯ ಸ್ರವಿಸಿದ ವಿಷ ಇಳಿದಿರಬೇಕು, ಇಲ್ಲವೇ ಬ್ಯಾಕ್ಟೀರಿಯವೇ ಕ್ಯಾಂಡಲಿನ ರಂಧ್ರಗಳಲ್ಲಿ ನುಸುಳಿರಬೇಕು. ಈ ಸಂಶಯಕ್ಕಾಗಿ ಅವನನ್ನು ಹಗುರವಾಗಿ ಕಾಣುವುದು ಅನ್ಯಾಯ. ಕ್ಯಾಂಡಲಿನಲ್ಲಿ ಕೂದಲೆಳೆಯಂಥ ಬಿರುಕಿದ್ದರೂ ಪ್ರಯೋಗ ಕೆಡುತ್ತದೆ. ಉಪಕರಣವನ್ನು ಮೊದಲು ಅನುಮಾನಿಸುವುದು ಒಳ್ಳೆಯ ಅಭ್ಯಾಸವೇ.

1898ರಲ್ಲಿ ಡೆಲ್ಫ್ಟಿನ ಬೈಯರಿಂಕ್ ಅದೇ ಪ್ರಯೋಗವನ್ನು ಮಾಡಿ, ಅದೇ ಫಲಿತಾಂಶವನ್ನು ಪಡೆದು, ಬೇರೆ ಅರ್ಥವನ್ನು ಹೇಳಿದನು. ಇಳಿದ ರಸ ಗಿಡದಿಂದ ಗಿಡಕ್ಕೆ ಹೋದರೂ ಅದರ ಶಕ್ತಿ ಕುಂದಲಿಲ್ಲ. ವಿಷವಾಗಿದ್ದರೆ ತೆಳುವಾಗುತ್ತ ಹೋಗಬೇಕಿತ್ತು. ಅದು ಅಗರ್‌ನೊಳಗೂ ಹರಡಿಕೊಂಡಿತು. ಆದುದರಿಂದ ಇದು ಜೀವಂತವಾದ ದ್ರವರೂಪದ ಸಾಂಕ್ರಾಮಿಕವೆಂದು ಹೆಸರಿಟ್ಟನು. ದ್ರವವೆಂಬ ಮಾತು ಮುಂದೆ ತಪ್ಪೆಂದು ತಿಳಿಯಿತು. ಅದನ್ನು ಅಲುಗಿಸಿದ್ದೂ ಶೋಧಕವೇ: ಅದೇ ವರ್ಷ ದನಗಳ ಕಾಲುಬಾಯಿ ರೋಗವನ್ನು ಪರೀಕ್ಷಿಸುತ್ತಿದ್ದ ಜರ್ಮನಿಯ ಲೋಫ್ಲರ್ ಮತ್ತು ಫ್ರೋಶ್, ರೋಗಕಾರಕವು ಡಯಾಟಮ್ ಮಣ್ಣಿನ ಕ್ಯಾಂಡಲನ್ನು ದಾಟುವುದನ್ನು ಕಂಡಿದ್ದರು. ಅದಕ್ಕಿಂತ ಸೂಕ್ಷ್ಮವಾದ ಕಿಟಸಾಟೊ ಪಿಂಗಾಣಿಯಲ್ಲಿ ಅದು ತಡೆಯಲ್ಪಟ್ಟಿತು. ತಡೆಯಲ್ಪಡುವುದಾದರೆ ಅದು ದ್ರವವಲ್ಲ, ಕಣ.

ಬಹುಕಾಲ ಈ ರೋಗಕಾರಕಗಳನ್ನು 'ಶೋಧಕವನ್ನು ದಾಟುವ ವೈರಸ್‌ಗಳು' ಎಂದೇ ಕರೆದರು. ಯಾರೂ ಕಂಡಿರಲಿಲ್ಲ, ಏನು ಎಂದು ಹೇಳಲಾಗುತ್ತಿರಲಿಲ್ಲ, ಯಾವುದನ್ನು ದಾಟುತ್ತದೆ ಎಂದಷ್ಟೇ ಹೇಳಬಹುದಿತ್ತು. ಹೊಗೆಸೊಪ್ಪಿನ ವೈರಸ್ಸು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದ್ದು 1939ರಲ್ಲಿ: ಸುಮಾರು 300 ನ್ಯಾನೊಮೀಟರ್ ಉದ್ದದ, 18 ನ್ಯಾನೊಮೀಟರ್ ದಪ್ಪದ ಕಡ್ಡಿ. ಅದಕ್ಕೆ ಮೊದಲು, 1931ರಲ್ಲಿ, ಲಂಡನ್ನಿನ ಎಲ್‌ಫರ್ಡ್ ಕಲೋಡಿಯನ್ನಿನಿಂದ ಬೇರೆಬೇರೆ ರಂಧ್ರಗಾತ್ರದ ಪೊರೆಗಳ ಶ್ರೇಣಿಯನ್ನು ಸಿದ್ಧಗೊಳಿಸಿ, ಕಾಣದ ವಸ್ತುವಿನ ಗಾತ್ರವನ್ನು ಅದು ಎಲ್ಲಿ ತಡೆಯಲ್ಪಡುತ್ತದೆ ಎಂಬುದರಿಂದ ಅಳೆಯುವ ದಾರಿಯನ್ನು ತೆರೆದಿದ್ದನು.

ಆದರೆ ರಂಧ್ರವೊಂದೇ ತಡೆಯುವುದಿಲ್ಲ. ಮಣ್ಣು, ಪಿಂಗಾಣಿಗಳ ಗೋಡೆಯಲ್ಲಿ ಕಣಗಳು ವಿದ್ಯುದಾವೇಶದಿಂದಲೂ ಅಂಟಿಕೊಳ್ಳುತ್ತವೆ. ಇಂದಿನ ಪೊರೆಗಳಲ್ಲಿಯೂ ಈ ತೊಡಕು ತೀರಿಲ್ಲ. ಸೆಲ್ಯುಲೋಸ್ ನೈಟ್ರೇಟ್ ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಪ್ರೋಟೀನ್ ದ್ರಾವಣಕ್ಕೆ ಸೆಲ್ಯುಲೋಸ್ ಅಸಿಟೇಟ್ ಅಥವಾ ಪಾಲಿಈಥರ್ ಸಲ್ಫೋನ್ ಲೇಸು. ಅಸಿಟೋನಿನಲ್ಲಿ ಸೆಲ್ಯುಲೋಸಿನ ಈ ಎರಡು ಪೊರೆಗಳೂ ಹಾಳಾಗುತ್ತವೆ. ಅಲ್ಲಿ ಟೆಫ್ಲಾನ್ ಬೇಕು. ರಂಧ್ರದ ಅಂಕಿಯನ್ನಷ್ಟೇ ನೋಡಿ ಡಬ್ಬಿ ತೆರೆದವನು ತಾನು ಹುಡುಕುತ್ತಿದ್ದ ವಸ್ತುವನ್ನೇ ಪೊರೆಯ ಮೇಲೆ ಬಿಟ್ಟು, 'ಇಲ್ಲ' ಎಂದು ಬರೆದುಬಿಡಬಹುದು.

ಅಂಕಿಯೂ ಶಾಶ್ವತವಲ್ಲ. 0.45 ಮೈಕ್ರೋಮೀಟರ್ ರಂಧ್ರದ ಪೊರೆಯನ್ನು ದಾಟಿದ ದ್ರವ ಜೀವಾಣುರಹಿತವೆಂದು ಒಂದು ಕಾಲದಲ್ಲಿ ಪರಿಗಣಿಸುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದ ಬೋಮನ್, ಹಾಗೆ ಸೋಸಿದ ದ್ರವದಲ್ಲಿ ಬೆಳೆಯುತ್ತಿದ್ದ ಪುಟ್ಟ ಬ್ಯಾಕ್ಟೀರಿಯವೊಂದನ್ನು ಬೇರ್ಪಡಿಸಿದನು. ಅಳತೆ 0.22ಕ್ಕೆ ಇಳಿಯಿತು, ತಪ್ಪನ್ನು ಬಯಲಿಗೆಳೆದ ಆ ಬ್ಯಾಕ್ಟೀರಿಯವೇ ಹೊಸ ಪೊರೆಗಳ ಪರೀಕ್ಷಕನಾಯಿತು. ಪೊರೆಯ ಒಂದು ಚದರ ಸೆಂಟಿಮೀಟರಿಗೆ ಒಂದು ಕೋಟಿಯಷ್ಟು ಬ್ಯಾಕ್ಟೀರಿಯಗಳನ್ನು ಒಡ್ಡಿದರೂ ಒಂದೂ ಇಳಿಯಬಾರದು. ಗೋಡೆಯಿಲ್ಲದ ಮೈಕೋಪ್ಲಾಸ್ಮಗಳು ಅದನ್ನೂ ನುಸುಳುವುದರಿಂದ ಜೀವಕೋಶಗಳನ್ನು ಬೆಳೆಸುವವರು 0.1ರ ಪೊರೆಗೆ ಹೋಗುತ್ತಾರೆ.

ಹಾಗೆಂದು ಸಣ್ಣ ರಂಧ್ರವೇ ಯಾವಾಗಲೂ ಉತ್ತಮವಲ್ಲ. ರೀಟಾ ಕಾಲ್‌ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಲವು ಮಡಿಕೆಯ ಹಳೆಯ ಹತ್ತಿ ಸೀರೆಯಲ್ಲಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಶೇಕಡಾ 48ರಷ್ಟು ಕಡಿಮೆಯಾಗಿತ್ತು. ಮಡಿಸಿದ ಸೀರೆಯ ರಂಧ್ರ ಸುಮಾರು 20 ಮೈಕ್ರೋಮೀಟರ್. ಕಾಲರಾದ ಬ್ಯಾಕ್ಟೀರಿಯ ಅದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಅದು ಅಂಟಿಕೊಂಡಿರುವ ಕೋಪೆಪಾಡ್ ಎಂಬ ಜಲಜೀವಿಗಳು ದೊಡ್ಡವು. ಬಟ್ಟೆ ಹಿಡಿದದ್ದು ಅವನ್ನು. ಒಗೆದು ಸವೆದ ನೂಲು ಹರಡಿಕೊಂಡು ರಂಧ್ರಗಳನ್ನು ಕಿರಿದಾಗಿಸುವುದರಿಂದ ಹೊಸ ಸೀರೆಗಿಂತ ಹಳೆಯದೇ ಮೇಲಾಯಿತು.

ಇತ್ತ 0.45ರ ಪೊರೆ ಕಸದ ಬುಟ್ಟಿಗೇನೂ ಹೋಗಲಿಲ್ಲ. ಕುಡಿಯುವ ನೀರಿನ ಪರೀಕ್ಷೆಯಲ್ಲಿ ಇಂದಿಗೂ 100 ಮಿಲಿಲೀಟರ್ ನೀರನ್ನು ಅದರ ಮೂಲಕ ಎಳೆದು, ಪೊರೆಯನ್ನು ಪೋಷಕದ ಮೇಲೆ ಇಟ್ಟು, ಬೆಳೆದ ಕೋಲಿಫಾರ್ಮ್ ಚುಕ್ಕೆಗಳನ್ನು ಎಣಿಸುತ್ತಾರೆ. ಕೆಳಗಿಳಿದ ನೀರನ್ನು ಚೆಲ್ಲಿಬಿಡುತ್ತಾರೆ. ಅಲ್ಲಿ ಬೇಕಾದುದು ಶೇಷ.