ಆಟಿಕೆಯ ರೆಕ್ಕೆ ಕಲಿಸಿದ ಪಾಠ

ಅಂಗೈಗಳ ನಡುವೆ ಕಡ್ಡಿಯನ್ನಿಟ್ಟು ಉಜ್ಜಿ ಬಿಟ್ಟೊಡನೆ ಗಿರ್ರನೆ ಮೇಲೇರುವ ಆಟಿಕೆಯನ್ನು ನೀವೆಲ್ಲರೂ ಬಲ್ಲಿರಿ. ಚೀನಾದೇಶದ ಈ ಹಳೆಯ ಆಟಿಕೆಗೆ ಅಲ್ಲಿನವರು ಕೀಟವೊಂದರ ಹೆಸರನ್ನಿಟ್ಟು ‘ಬಿದಿರಿನ ಏರೋಪ್ಲೇನ್ ಚಿಟ್ಟೆ’ ಎನ್ನುತ್ತಾರೆ. ನಾವಾದರೋ ಆ ಕೀಟಕ್ಕೇ ವಿಮಾನದ ಹೆಸರನ್ನಿಟ್ಟೆವು!

ಅದು ಏರುವುದೇಕೆ? ಅದರ ರೆಕ್ಕೆಗಳು ಓರೆಯಾಗಿವೆ. ತಿರುಗುವಾಗ ಅವು ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ. ಗಾಳಿಯು ಅವನ್ನು ಮೇಲಕ್ಕೆ ತಳ್ಳುತ್ತದೆ. ತರಗತಿಯಲ್ಲಿ ನಾನು ಬೋಧಿಸುತ್ತಿದ್ದ ನ್ಯೂಟನ್ನನ ಮೂರನೆಯ ನಿಯಮವೇ ಇದು. ಬುಗುರಿಯನ್ನು ನಿಲ್ಲಿಸುವಂತೆ ಆ ರಭಸವೇ ಕಡ್ಡಿಯನ್ನೂ ನೆಟ್ಟಗೆ ನಿಲ್ಲಿಸುತ್ತದೆ. ಗಾಳಿಯ ಪ್ರತಿರೋಧದಿಂದ ವೇಗ ಕುಂದಿ, ಎತ್ತುವ ಬಲವು ತೂಕಕ್ಕಿಂತ ಕಡಿಮೆಯಾದಾಗ ಆಟಿಕೆ ಇಳಿಯತೊಡಗುತ್ತದೆ.

ಕೈಯಿಂದ ಪಡೆದ ಶಕ್ತಿ ಎಷ್ಟು ಹೊತ್ತು ಉಳಿದೀತು? ಆಟಿಕೆಯೇ ತನ್ನ ಶಕ್ತಿಯನ್ನು ಹೊತ್ತೊಯ್ಯಬೇಕಾದರೆ ಹೊಸ ತೊಡಕೊಂದು ಹುಟ್ಟುತ್ತದೆ: ರೆಕ್ಕೆ ಒಂದು ದಿಕ್ಕಿಗೆ ತಿರುಗಿದರೆ ಒಡಲು ವಿರುದ್ಧ ದಿಕ್ಕಿಗೆ ತಿರುಗುತ್ತದೆ. 1784ರಲ್ಲಿ ಫ್ರಾನ್ಸಿನ ಲೌನೊಯ್ ಮತ್ತು ಬಿಯೆನ್ವೆನು ಎಂಬವರು ಮೇಲೊಂದು, ಕೆಳಗೊಂದು ಗರಿಚಕ್ರವನ್ನಿಟ್ಟು, ಬಿಲ್ಲಿನ ಸೆಳೆತದಿಂದ ಅವೆರಡನ್ನೂ ಎದುರುಬದುರಾಗಿ ತಿರುಗಿಸಿ ಇದಕ್ಕೆ ಪರಿಹಾರ ತೋರಿದರು. ಇಂಗ್ಲೆಂಡಿನ ಜಾರ್ಜ್ ಕೇಲಿ 1796ರಲ್ಲಿ ಬೆಂಡಿನ ಬಿರಡೆಗಳಿಗೆ ಹಕ್ಕಿಗರಿಗಳನ್ನು ಚುಚ್ಚಿ ಅಂಥದನ್ನೇ ರಚಿಸಿದನು. 1870ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೋ ಬಿಲ್ಲಿನ ಬದಲು ಹುರಿಗೊಳಿಸಿದ ರಬ್ಬರನ್ನು ಬಳಸಿದನು.

ಪೆನೋ ಮಾದರಿಯ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಮಕ್ಕಳಿಗೆ ತಂದುಕೊಟ್ಟರು. ಮಕ್ಕಳು ಹನ್ನೊಂದರ ವಿಲ್ಬರ್ ಮತ್ತು ಏಳರ ಆರ್ವಿಲ್ ರೈಟ್. ಅದು ಮುರಿದಾಗ ತಾವೇ ಮಾಡಿಕೊಂಡರು. ಬರಬರುತ್ತ ದೊಡ್ಡದಾಗಿ ಮಾಡಿದರು. ಆದರೆ ಗಾತ್ರ ಹೆಚ್ಚಿದಷ್ಟೂ ಅದು ಹಾರುವುದು ಕಡಿಮೆಯಾಯಿತು! ಅಳತೆಯನ್ನು ಇಮ್ಮಡಿಗೊಳಿಸಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕವಾದರೋ ಎಂಟು ಪಟ್ಟು. ಎಂಟರಷ್ಟು ಶಕ್ತಿ ಬೇಕೆಂಬುದು ಆಗ ತಮಗೆ ತಿಳಿದಿರಲಿಲ್ಲವೆಂದು ಸಹೋದರರು 1908ರಲ್ಲಿ ಬರೆದರು.

ಮುಂದೆ ತಮ್ಮ ವಿಮಾನಕ್ಕೆ ಪ್ರೊಪೆಲ್ಲರ್ ಬೇಕಾದಾಗ ಹಡಗಿನ ಪ್ರೊಪೆಲ್ಲರಿನ ಲೆಕ್ಕಾಚಾರಗಳು ಅವರ ನೆರವಿಗೆ ಬರಲಿಲ್ಲ. ಪ್ರೊಪೆಲ್ಲರ್ ಎಂದರೆ ಸುರುಳಿದಾರಿಯಲ್ಲಿ ಚಲಿಸುವ ರೆಕ್ಕೆಯೇ ಎಂದು ಅವರು ಕಂಡುಕೊಂಡರು. ಬುಡಕ್ಕಿಂತ ತುದಿ ವೇಗವಾಗಿ ಚಲಿಸುವುದರಿಂದ ತುದಿಯ ಕಡೆಗೆ ಓರೆ ಕಡಿಮೆಯಾಗುತ್ತ ಹೋಗಬೇಕು. ಹೀಗೆ ಲೆಕ್ಕ ಹಾಕಿ ಕೆತ್ತಿದ, ಎಂಟೂವರೆ ಅಡಿ ವ್ಯಾಸದ ಎರಡು ಮರದ ಪ್ರೊಪೆಲ್ಲರುಗಳು ಎದುರುಬದುರಾಗಿ ತಿರುಗಿ 1903ರ ಡಿಸೆಂಬರ್ 17ರಂದು ವಿಮಾನವನ್ನು 12 ಸೆಕೆಂಡು, 120 ಅಡಿ ಹಾರಿಸಿದವು.

ಶಾಲೆಯಲ್ಲಿ ಮರದ ಚೂರುಗಳೊಡನೆ ಕುಳಿತಿದ್ದ ಪುಟ್ಟ ಆರ್ವಿಲ್‌ನನ್ನು ಶಿಕ್ಷಕಿ ಏನೆಂದು ವಿಚಾರಿಸಿದಾಗ, ಅಣ್ಣನೊಡನೆ ಮುಂದೊಂದು ದಿನ ಹಾರಲಿರುವ ಯಂತ್ರವೆಂದನಂತೆ. ಆಕೆ ವಿಚಾರಿಸಿದ್ದೇ ನನಗೆ ಮೆಚ್ಚುಗೆಯಾದ ಸಂಗತಿ. ನಿಮ್ಮಲ್ಲಿ ಹಲವರು ಈಗ ತಾಯಿತಂದೆಯರು, ಕೆಲವರು ಶಿಕ್ಷಕರು. ಮಗುವಿನ ಕೈಯಿಂದ ಕಡ್ಡಿಯನ್ನು ಕಸಿದುಕೊಳ್ಳುವ ಮುನ್ನ ‘ಏನು ಮಾಡುತ್ತಿದ್ದೀಯಪ್ಪಾ?’ ಎಂದು ಒಮ್ಮೆ ಕೇಳಿರಿ.