ಭಾರವಾದ ನಾಲಿಗೆ: ಪ್ರವಾದಿ ಮೋಶೆ ಬೆಳ್ಳಿತೆರೆಯ ನಾಯಕನಾದ ಬಗೆ

ಹೀಬ್ರೂ ಧರ್ಮಗ್ರಂಥದ ಪ್ರವಾದಿ ಮೋಶೆಯನ್ನು ಜಗತ್ತಿನ ಬಹುಪಾಲು ಜನ ಇಂದು ಓದಿ ತಿಳಿದಿರುವುದಕ್ಕಿಂತ ನೋಡಿ ತಿಳಿದಿರುವುದೇ ಹೆಚ್ಚು. ಎತ್ತರದ ನಿಲುವು, ಗಾಳಿಗೆ ಹಾರುವ ಬಿಳಿಯ ಗಡ್ಡ, ಚಾಚಿದ ಕೋಲು, ಸೀಳಿ ನಿಂತ ಸಮುದ್ರ, ಎಲ್ಲಕ್ಕಿಂತ ಮಿಗಿಲಾಗಿ ಗುಡುಗಿನಂಥ ಕಂಠ: ಈ ಚಿತ್ರವನ್ನು ನಮಗೆ ಕೊಟ್ಟದ್ದು ಸಿನಿಮಾ. ಮೂಲಗ್ರಂಥಕ್ಕೆ ಮರಳಿ ಹೋದರೆ ಈ ವಿವರಗಳಲ್ಲಿ ಕೋಲೂ ಸಮುದ್ರವೂ ಸಿಗುತ್ತವೆ. ಕಂಠ ಮಾತ್ರ ಸಿಗುವುದಿಲ್ಲ. ಅಲ್ಲಿನ ಮೋಶೆ ಮಾತು ಬಾರದವನು. ಈ ಒಂದು ವ್ಯತ್ಯಾಸವನ್ನು ಹಿಡಿದು ಹೊರಟರೆ, ಧರ್ಮಗ್ರಂಥದ ಪ್ರವಾದಿ ಚಲನಚಿತ್ರದ ನಾಯಕನಾಗುವಾಗ ಏನನ್ನು ಪಡೆಯುತ್ತಾನೆ, ಏನನ್ನು ಕಳೆದುಕೊಳ್ಳುತ್ತಾನೆ ಎಂಬುದು ಸ್ಪಷ್ಟವಾಗುತ್ತದೆ.

ವಿಮೋಚನಕಾಂಡದ ಮೂರು ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಹೋರೇಬ್ ಬೆಟ್ಟದ ಉರಿಯುವ ಪೊದೆಯ ನಡುವಿನಿಂದ ದೇವರು ಮೋಶೆಯನ್ನು ಕರೆಯುತ್ತಾನೆ. ಮೋಶೆ ಒಂದಲ್ಲ, ಐದು ಬಾರಿ ಹಿಂಜರಿಯುತ್ತಾನೆ. ತಾನು ಯಾರು, ಕಳುಹಿಸಿದವನ ಹೆಸರೇನು, ಜನ ನಂಬದಿದ್ದರೇನು ಗತಿ ಎಂದು ಕೇಳಿದ ಮೇಲೆ, ತನಗೆ ಮಾತಿನ ಶಕ್ತಿಯಿಲ್ಲ ಎನ್ನುತ್ತಾನೆ. ಕಡೆಗೆ ಬೇರೆ ಯಾರನ್ನಾದರೂ ಕಳುಹಿಸು ಎಂದೇ ಬೇಡಿಕೊಳ್ಳುತ್ತಾನೆ. ತನ್ನ ಬಾಯಿ ಮತ್ತು ನಾಲಿಗೆಯನ್ನು ವರ್ಣಿಸಲು ಅವನು ಬಳಸುವ ಹೀಬ್ರೂ ಶಬ್ದ ‘ಕಾವೇದ್’. ಇದರ ನೇರ ಅರ್ಥ ‘ಭಾರವಾದ’ ಎಂದು.

ಈ ಶಬ್ದ ಮುಂದೆ ಗ್ರಂಥದುದ್ದಕ್ಕೂ ಹಿಂಬಾಲಿಸಿಕೊಂಡು ಬರುತ್ತದೆ. ಫರೋಹನ ಹೃದಯ ಕಠಿಣವಾಯಿತು ಎಂದು ನಾವು ಓದುವ ಹಲವು ಕಡೆ ಮೂಲದಲ್ಲಿರುವುದು ಹೃದಯ ‘ಭಾರವಾಯಿತು’ ಎಂದೇ. ಅಮಾಲೇಕ್ಯರೊಡನೆ ಯುದ್ಧ ನಡೆಯುವಾಗ ಎತ್ತಿ ಹಿಡಿದ ಮೋಶೆಯ ಕೈಗಳು ‘ಭಾರವಾಗುತ್ತವೆ’. ಹಗಲೆಲ್ಲ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುವುದನ್ನು ಕಂಡ ಮಾವ ಇತ್ರೋ, ಈ ಕೆಲಸ ನಿನಗೆ ‘ಭಾರ’ ಎಂದು ಎಚ್ಚರಿಸುತ್ತಾನೆ. ದೇವರ ಮಹಿಮೆಯನ್ನು ಹೇಳುವ ‘ಕಾವೋದ್’ ಎಂಬ ಶಬ್ದವೂ ಇದೇ ಧಾತುವಿನದು. ‘ಗುರು’ ಎಂದರೆ ಭಾರ, ಅದರಿಂದ ‘ಗೌರವ’ ಎಂಬುದನ್ನು ಬಲ್ಲ ಕನ್ನಡ ಓದುಗರಿಗೆ ಈ ಅರ್ಥಸಂಬಂಧ ಅಪರಿಚಿತವೆನಿಸದು.

ಈ ಭಾರಗಳನ್ನು ಕಥೆ ಹೇಗೆ ಇಳಿಸುತ್ತದೆ ಎಂಬುದು ಗಮನಾರ್ಹ. ನಾಲಿಗೆಯ ಭಾರಕ್ಕೆ ಅಣ್ಣ ಆರೋನನು ಬಾಯಾಗುತ್ತಾನೆ. ಕೈಗಳ ಭಾರವನ್ನು ಆರೋನನೂ ಹೂರನೂ ಇಬ್ಬದಿಯಲ್ಲಿ ನಿಂತು ಹೊರುತ್ತಾರೆ. ನ್ಯಾಯದಾನದ ಭಾರವನ್ನು ಇತ್ರೋವಿನ ಸಲಹೆಯಂತೆ ಆಯ್ದ ಅಧಿಕಾರಿಗಳು ಹಂಚಿಕೊಳ್ಳುತ್ತಾರೆ. ಅದಕ್ಕೂ ಮೊದಲು ಗಂಡುಶಿಶುಗಳನ್ನು ಕೊಲ್ಲಲೊಪ್ಪದ ಶಿಪ್ರಾ ಮತ್ತು ಪೂಗಾ ಎಂಬ ಸೂಲಗಿತ್ತಿಯರು, ಹಡೆದ ತಾಯಿ, ನದಿಯ ದಡದಲ್ಲಿ ಕಾದು ನಿಂತ ಅಕ್ಕ, ನೀರಿನಿಂದೆತ್ತಿದ ಫರೋಹನ ಮಗಳು ಇವರೆಲ್ಲರ ಕೈ ದಾಟಿಯೇ ಮೋಶೆ ಬದುಕಿದ್ದಾನೆ. ಸೂಲಗಿತ್ತಿಯರ ಹೆಸರನ್ನು ಹೇಳುವ ಗ್ರಂಥ ಫರೋಹನ ಹೆಸರನ್ನು ಹೇಳುವುದಿಲ್ಲ. ಪ್ರವಾದಿಯ ಕೊರತೆಯೇ ಉಳಿದವರಿಗೆ ಕಥೆಯಲ್ಲಿ ಎಡೆ ಮಾಡಿಕೊಡುತ್ತದೆ. ಒಬ್ಬನೇ ಎಲ್ಲವನ್ನೂ ಸಾಧಿಸುವ ನಾಯಕನ ಕಥೆಯನ್ನು ಹೇಳಲು ಈ ಗ್ರಂಥ ಒಪ್ಪುವುದಿಲ್ಲ.

ಆದರೆ ಮೋಶೆಯನ್ನು ನಾಯಕನನ್ನಾಗಿಸುವ ಯತ್ನ ಸಿನಿಮಾದಿಂದ ಆರಂಭವಾದದ್ದಲ್ಲ. ಕ್ರಿ.ಪೂ. 2ನೆಯ ಶತಮಾನದವನೆಂದು ಬಹುಮಟ್ಟಿಗೆ ಭಾವಿಸಲಾಗಿರುವ ಯೆಹೂದಿ ಕವಿ ಎಜೆಕಿಯೇಲ್, ‘ಎಕ್ಸಗೋಗೆ’ ಎಂಬ ನಾಟಕವನ್ನು ಗ್ರೀಕ್ ದುರಂತ ನಾಟಕದ ಛಂದಸ್ಸಿನಲ್ಲಿ ರಚಿಸಿದನು. ಯುಸೇಬಿಯಸ್ ಎಂಬ ಕ್ರೈಸ್ತ ವಿದ್ವಾಂಸನ ಗ್ರಂಥದೊಳಗೆ ಉದ್ಧೃತವಾಗಿ ಅದರ 269 ಸಾಲುಗಳು ಉಳಿದಿವೆ. ಮೋಶೆ ರಂಗದ ಮೇಲೆ ಬಂದು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಪೊದೆಯಿಂದ ದೇವರ ಧ್ವನಿ ಮಾತ್ರ ಕೇಳಿಸುತ್ತದೆ. ಸಮುದ್ರ ಸೀಳಿದ್ದನ್ನು ರಂಗದಲ್ಲಿ ತೋರಿಸಲಾಗದ್ದರಿಂದ, ಬದುಕುಳಿದ ಒಬ್ಬ ಈಜಿಪ್ಟ್ ದೂತನ ಬಾಯಿಂದ ಅದನ್ನು ವರ್ಣಿಸಲಾಗಿದೆ. ಎಜೆಕಿಯೇಲನು ಮಾಧ್ಯಮವನ್ನು ಬದಲಿಸಿದರೂ ನಾಲಿಗೆಯ ತೊಡಕನ್ನು ಕೈಬಿಡಲಿಲ್ಲ. ಅವನ ಮೋಶೆಯೂ ತನಗೆ ಮಾತು ಬಾರದೆಂದೇ ಹೇಳಿಕೊಳ್ಳುತ್ತಾನೆ.

ಅದನ್ನು ಕೈಬಿಟ್ಟವನು ಕ್ರಿ.ಶ. ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್. ರೋಮನ್ ಜಗತ್ತಿನ ಓದುಗರ ಮುಂದೆ ತನ್ನ ಜನಾಂಗದ ಮೂಲಪುರುಷನನ್ನು ನಿಲ್ಲಿಸಬೇಕಾಗಿದ್ದ ಅವನು, ಮೋಶೆಯನ್ನು ಇಥಿಯೋಪಿಯಾದ ಮೇಲೆ ದಂಡೆತ್ತಿ ಗೆದ್ದ ಸೇನಾಪತಿಯನ್ನಾಗಿಸಿದನು. ಅಲ್ಲಿನ ರಾಜಕುಮಾರಿ ಥಾರ್ಬಿಸ್ ಅವನಿಗೆ ಒಲಿದ ಪ್ರಸಂಗವನ್ನು ಸೇರಿಸಿದನು. ಜನಸಮೂಹವನ್ನು ಮಾತಿನಿಂದ ಒಲಿಸಿಕೊಳ್ಳಬಲ್ಲವನೆಂದು ಹೊಗಳಿದನು. ಯೆಹೂದಿ ರಬ್ಬಿಗಳ ಮಿದ್ರಾಶ್ ಪರಂಪರೆ ಹಿಡಿದದ್ದು ಬೇರೆಯೇ ದಾರಿ. ಅಲ್ಲಿನ ಕಥೆಯಂತೆ ಮಗುವಾಗಿದ್ದ ಮೋಶೆಯನ್ನು ಪರೀಕ್ಷಿಸಲು ಅವನ ಮುಂದೆ ಬೆಲೆಬಾಳುವ ವಸ್ತುವನ್ನೂ ಉರಿಯುವ ಕೆಂಡವನ್ನೂ ಇಡುತ್ತಾರೆ. ದೇವದೂತನು ಮಗುವಿನ ಕೈಯನ್ನು ಕೆಂಡದತ್ತ ತಳ್ಳುತ್ತಾನೆ. ಮಗು ಕೆಂಡ ಮುಟ್ಟಿದ ಕೈಯನ್ನು ಬಾಯಿಗಿಟ್ಟು ನಾಲಿಗೆ ಸುಟ್ಟುಕೊಳ್ಳುತ್ತದೆ. ಜೋಸೆಫಸನು ಅಳಿಸಿದ ಕೊರತೆಗೆ ರಬ್ಬಿಗಳು ಕಾರಣ ಹುಡುಕಿ ಅದನ್ನು ಉಳಿಸಿಕೊಂಡರು. ಮೋಶೆಯ ಎಲ್ಲ ಮರುಸೃಷ್ಟಿಗಳೂ ಈ ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಯಿತು.

ಹಾಲಿವುಡ್ ಆರಿಸಿಕೊಂಡದ್ದು ಜೋಸೆಫಸನ ದಾರಿಯನ್ನು. ಸೆಸಿಲ್ ಬಿ. ಡಿಮಿಲ್ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಹೆಸರಿನ ಚಿತ್ರವನ್ನು ಎರಡು ಬಾರಿ ನಿರ್ಮಿಸಿದರು. 1923ರದು ಮೂಕಿಚಿತ್ರ. ಅದರಲ್ಲಿ ಥಿಯೋಡರ್ ರಾಬರ್ಟ್ಸ್ ಮೋಶೆಯಾಗಿದ್ದರು. ಎಲ್ಲರೂ ಮೂಕರಾಗಿದ್ದ ಆ ತೆರೆಯ ಮೇಲೆ ಮೋಶೆಯ ಮೂಕತನ ಎದ್ದು ಕಾಣುವಂತಿರಲಿಲ್ಲ. ಆಕಾಶದಲ್ಲಿ ಬೆಂಕಿಯ ಅಕ್ಷರಗಳಾಗಿ ಮೂಡುವ ಆಜ್ಞೆಗಳೇ ಅಲ್ಲಿ ಮಾತನಾಡಿದವು. 1956ರ ವರ್ಣಚಿತ್ರದಲ್ಲಿ ಚಾರ್ಲ್‌ಟನ್ ಹೆಸ್ಟನ್ ಮೋಶೆಯಾದರು. ಮೂರೂವರೆ ಗಂಟೆಗೂ ಮೀರಿದ ಆ ಚಿತ್ರದಲ್ಲಿ ಅವರ ಕಂಠವೇ ಮುಖ್ಯ ಆಭರಣ. ಪೊದೆಯೊಳಗಿನ ದೇವರ ಧ್ವನಿಗೂ ಹೆಸ್ಟನ್ನರ ಧ್ವನಿಯನ್ನೇ ಬಳಸಿಕೊಳ್ಳಲಾಯಿತು. ಪ್ರವಾದಿಗೂ ದೇವರಿಗೂ ನಡುವೆ ಇದ್ದ ಅಂತರವನ್ನು ಮೂಲಗ್ರಂಥ ಭಾರವಾದ ನಾಲಿಗೆಯಿಂದ ಸೂಚಿಸಿತ್ತು. ಸಿನಿಮಾದಲ್ಲಿ ಆ ಅಂತರವೇ ಮಾಯವಾಯಿತು. ಫರೋಹನ ಆಸ್ಥಾನದಲ್ಲಿ ಮೋಶೆಯೇ ನಿಂತು ನುಡಿಯುತ್ತಾನೆ. ಬಾಯಾಗಬೇಕಿದ್ದ ಆರೋನ ಪಕ್ಕದಲ್ಲಿ ನಿಲ್ಲುವ ಪೋಷಕಪಾತ್ರವಾಗುತ್ತಾನೆ.

ನಾಯಕನಿಗೆ ಮಾತು ಬಂದೊಡನೆ ಉಳಿದ ಸಲಕರಣೆಗಳೂ ಬೇಕಾದವು. ಶಿಶು ಮೋಶೆ ಅರಮನೆ ಸೇರಿದ ಮೇಲೆ ಗ್ರಂಥ ಒಂದೇ ನೆಗೆತಕ್ಕೆ ಅವನ ಪ್ರಾಯಕ್ಕೆ ಬರುತ್ತದೆ. ನಡುವಿನ ವರ್ಷಗಳ ಈ ಮೌನವನ್ನು ಫಿಲೋ, ಜೋಸೆಫಸ್ ಮೊದಲಾದವರ ನೆರವಿನಿಂದ ತುಂಬಿದ್ದೇವೆಂದು ಡಿಮಿಲ್ ಚಿತ್ರದ ಪೀಠಿಕೆಯಲ್ಲಿ ತಾವೇ ತೆರೆಯ ಮುಂದೆ ಬಂದು ಹೇಳುತ್ತಾರೆ. ಇಥಿಯೋಪಿಯಾದ ವಿಜಯ ಮತ್ತು ಥಾರ್ಬಿಸ್ ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಹೀಗೆ. ನಾಯಕನಿಗೊಬ್ಬ ಪ್ರತಿನಾಯಕ ಬೇಕು. ಹೆಸರಿಲ್ಲದ ಫರೋಹ ಯೂಲ್ ಬ್ರಿನ್ನರ್ ಅಭಿನಯಿಸಿದ ರಾಮೆಸಿಸ್ ಆದನು. ಪ್ರಣಯ ಬೇಕು, ಗ್ರಂಥದಲ್ಲಿ ಸುಳಿವೇ ಇಲ್ಲದ ನೆಫ್ರೆಟಿರಿ ಬಂದಳು. ಕೊಲೆಯೂ ಶುದ್ಧವಾಗಬೇಕಾಯಿತು. ವಿಮೋಚನಕಾಂಡದ ಮೋಶೆ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಈಜಿಪ್ಟಿನವನನ್ನು ಕೊಂದು ಮರಳಿನಲ್ಲಿ ಮುಚ್ಚುತ್ತಾನೆ. 1956ರ ಮೋಶೆ ಕೊಲ್ಲುವುದು ಯೆಹೋಶುವನ ಪ್ರಾಣರಕ್ಷಣೆಗಾಗಿ. 1998ರ ‘ದಿ ಪ್ರಿನ್ಸ್ ಆಫ್ ಈಜಿಪ್ಟ್’ ಎಂಬ ಸಂಚಲನ ಚಿತ್ರದಲ್ಲಿ ಅದು ಉದ್ದೇಶವಿಲ್ಲದ ಆಕಸ್ಮಿಕ. ಹಿಂಸೆಯ ಹೊಣೆಯನ್ನು ಗ್ರಂಥ ತನ್ನ ಪ್ರವಾದಿಯ ಮೇಲೆ ನಿರ್ದಾಕ್ಷಿಣ್ಯವಾಗಿ ಹೊರಿಸಿದ್ದರೆ, ತೆರೆ ತನ್ನ ನಾಯಕನ ಕೈಯನ್ನು ಮತ್ತೆ ಮತ್ತೆ ತೊಳೆಯಿತು.

ಡಿಮಿಲ್ಲರ ನಾಯಕನಿಗೆ ಒಂದು ಸಮಕಾಲೀನ ಕಾರ್ಯವೂ ಇತ್ತು. ಮನುಷ್ಯರು ದೇವರ ಕಾನೂನಿಗೆ ಒಳಪಡಬೇಕೋ ಸರ್ವಾಧಿಕಾರಿಯ ಇಚ್ಛೆಗೋ ಎಂಬುದೇ ಈ ಕಥೆಯ ವಸ್ತು, ಆ ಹೋರಾಟ ಇಂದಿಗೂ ನಡೆದಿದೆ ಎಂದು ಅವರು ಪೀಠಿಕೆಯಲ್ಲಿ ಸಾರಿದರು. ಶೀತಲ ಸಮರದ ಅಮೆರಿಕದ ಪ್ರೇಕ್ಷಕರಿಗೆ ಸರ್ವಾಧಿಕಾರಿ ಯಾರೆಂದು ವಿವರಿಸಬೇಕಾಗಿರಲಿಲ್ಲ. ಕೊನೆಯ ದೃಶ್ಯದಲ್ಲಿ ಮೋಶೆ ಬೆಟ್ಟದ ಮೇಲೆ ಕೈಯೆತ್ತಿ ನಿಲ್ಲುವ ಭಂಗಿ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ನೆನಪಿಸುತ್ತದೆ. ಅವನ ಬಾಯಲ್ಲಿ ಬರುವ ಮಾತು ಯಾಜಕಕಾಂಡದ 25ನೆಯ ಅಧ್ಯಾಯದ್ದು. ಫಿಲಡೆಲ್ಫಿಯಾದ ಸ್ವಾತಂತ್ರ್ಯದ ಘಂಟೆಯ ಮೇಲೆ ಕೆತ್ತಿರುವುದೂ ಅದೇ ವಚನ. ಮೂಲದಲ್ಲಿ ಅದು 50ನೆಯ ವರ್ಷದ ಜ್ಯೂಬಿಲಿಯ ಕಟ್ಟಳೆ. ಮಾರಿಹೋದ ಜಮೀನು ಮೂಲ ಕುಟುಂಬಕ್ಕೆ ಮರಳಬೇಕು, ಬಡತನದಿಂದ ತನ್ನನ್ನೇ ಮಾರಿಕೊಂಡವನು ಬಿಡುಗಡೆಯಾಗಬೇಕು ಎಂಬ ಭೂಮಿ ಮತ್ತು ದುಡಿಮೆಯ ನ್ಯಾಯವದು. ತೆರೆಯ ಮೇಲೆ ಆ ನ್ಯಾಯ ಉದುರಿಹೋಗಿ ‘ಸ್ವಾತಂತ್ರ್ಯ’ ಎಂಬ ಘೋಷಣೆ ಮಾತ್ರ ಉಳಿಯಿತು. ಅರಿಕೇಸರಿಯನ್ನು ಅರ್ಜುನನೊಡನೆ ಅಭೇದಗೊಳಿಸಿದ ಪಂಪನನ್ನು ಓದಿದವರಿಗೆ, ಪುರಾಣಪುರುಷನ ಮೇಲೆ ಸಮಕಾಲೀನ ಅಧಿಕಾರವನ್ನು ಆರೋಪಿಸುವ ಕ್ರಮ ಹೊಸದಲ್ಲ. ಆದರೆ ಪಂಪನು ತನ್ನ ಆರೋಪವನ್ನು ಮರೆಮಾಚಲಿಲ್ಲ; ಡಿಮಿಲ್ಲರು ಅದನ್ನು ಇತಿಹಾಸವೆಂದೇ ಮುಂದಿಟ್ಟರು.

ಇದರ ಪರಿಣಾಮ ಚಿತ್ರಮಂದಿರದಲ್ಲೇ ನಿಲ್ಲಲಿಲ್ಲ. ಫ್ರಟರ್ನಲ್ ಆರ್ಡರ್ ಆಫ್ ಈಗಲ್ಸ್ ಎಂಬ ಸಂಘಟನೆ ಡಿಮಿಲ್ಲರ ಸಹಕಾರದೊಂದಿಗೆ ಅಮೆರಿಕದ ಅನೇಕ ಊರುಗಳಲ್ಲಿ ದಶಾಜ್ಞೆಗಳ ಶಿಲಾಫಲಕಗಳನ್ನು ನಿಲ್ಲಿಸಿತು. ಅದೇ ಸಂಘಟನೆ ಟೆಕ್ಸಾಸ್ ಶಾಸನಭವನದ ಆವರಣದಲ್ಲಿ ನಿಲ್ಲಿಸಿದ ಫಲಕದ ವಿಷಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2005ರಲ್ಲಿ 5–4ರ ಬಹುಮತದಿಂದ ಫಲಕ ಅಲ್ಲಿಯೇ ಉಳಿಯಬಹುದೆಂದು ತೀರ್ಪಾಯಿತು.

ಮತ್ತೊಂದು ದಾರಿಯನ್ನು ಹಿಡಿದವರೂ ಇದ್ದಾರೆ. ಸಂಗೀತಕಾರ ಆರ್ನಾಲ್ಡ್ ಶೋನ್‌ಬರ್ಗ್ 1930ರ ದಶಕದ ಆರಂಭದಲ್ಲಿ ರಚಿಸಿ ಅಪೂರ್ಣವಾಗಿಯೇ ಬಿಟ್ಟ ‘ಮೋಸೆಸ್ ಉಂಡ್ ಆರೋನ್’ ಸಂಗೀತನಾಟಕದಲ್ಲಿ ಆರೋನ ಸುಲಲಿತವಾಗಿ ಹಾಡುತ್ತಾನೆ. ಮೋಶೆ ಬಹುಮಟ್ಟಿಗೆ ಹಾಡಲಾರದೆ, ಮಾತಿಗೂ ಹಾಡಿಗೂ ನಡುವಿನ ಒಂದು ಧಾಟಿಯಲ್ಲಿ ತಡವರಿಸುತ್ತಾನೆ. ಎಲ್ಲರೂ ಹಾಡುವ ಜಗತ್ತಿನಲ್ಲಿ ಹಾಡಲಾರದವನು ಎಂದರೆ ಮಾತಿನ ಜಗತ್ತಿನಲ್ಲಿ ಭಾರವಾದ ನಾಲಿಗೆಯವನೇ. ಜಾನ್-ಮಾರಿ ಸ್ಟ್ರೌಬ್ ಮತ್ತು ಡ್ಯಾನಿಯೆಲ್ ಹ್ಯುಯಿಲೆ 1970ರ ದಶಕದಲ್ಲಿ ಇದನ್ನು ಚಲನಚಿತ್ರವಾಗಿಸಿದರು. ಸಿನಿಮಾ ಎಂಬ ಮಾಧ್ಯಮಕ್ಕೆ ಮಾತು ಬಾರದ ಪ್ರವಾದಿಯನ್ನು ತೋರಿಸಲು ಅಸಾಧ್ಯವೇನಲ್ಲ, ನಾಯಕನ ಮೇಲಿನ ಹಂಬಲವೇ ಅಡ್ಡಿಯಾಗಿತ್ತು ಎಂಬುದಕ್ಕೆ ಈ ಕೃತಿ ಸಾಕ್ಷಿ.

ಅನುವಾದದಲ್ಲೂ ಇಂಥದೇ ಆಯ್ಕೆ ಇರುತ್ತದೆ. ಹೀಬ್ರೂವಿನಲ್ಲಿ ಈ ಗ್ರಂಥದ ಹೆಸರು ‘ಶೆಮೋತ್’, ಅಂದರೆ ‘ಹೆಸರುಗಳು’; ಗ್ರೀಕಿನಲ್ಲಿ ‘ಎಕ್ಸೋಡಸ್’, ‘ಹೊರಹೊರಡುವಿಕೆ’; ಕನ್ನಡದಲ್ಲಿ ‘ವಿಮೋಚನಕಾಂಡ’. ಬಿಡುಗಡೆಯ ಕಥೆಯೆಂದು ಓದುವವರಿಗೆ ಬಿಡಿಸಿದ ನಾಯಕ ಬೇಕೆನಿಸಬಹುದು. ಹೆಸರುಗಳ ಗ್ರಂಥವೆಂದು ಓದಿದರೆ ಶಿಪ್ರಾ, ಪೂಗಾ, ಆರೋನ, ಹೂರ, ಇತ್ರೋ ಎಲ್ಲರೂ ಎದುರು ನಿಲ್ಲುತ್ತಾರೆ. ಯೆಹೂದಿಗಳು ಪಸ್ಕ ಹಬ್ಬದ ರಾತ್ರಿ ಓದುವ ‘ಹಗ್ಗದಾ’ದಲ್ಲಿ ಇದೇ ಬಿಡುಗಡೆಯ ಕಥೆಯಿದ್ದರೂ ಮೋಶೆಯ ಹೆಸರು ಹೆಚ್ಚುಕಡಿಮೆ ಬರುವುದೇ ಇಲ್ಲ. ಧರ್ಮೋಪದೇಶಕಾಂಡದ ಕೊನೆಯಲ್ಲಿ ಅವನು ನೆಬೋ ಬೆಟ್ಟದಿಂದ ವಾಗ್ದತ್ತ ದೇಶವನ್ನು ಕಣ್ಣಿನಿಂದ ಮಾತ್ರ ಕಂಡು ಸಾಯುತ್ತಾನೆ. ಅವನ ಸಮಾಧಿ ಎಲ್ಲಿದೆಯೆಂದು ಯಾರಿಗೂ ತಿಳಿಯದು ಎಂದು ಗ್ರಂಥ ಹೇಳುತ್ತದೆ. ಸ್ಮಾರಕ ಕಟ್ಟುವುದಕ್ಕೂ ಜಾಗ ಬಿಡದ ಆ ಪರಂಪರೆಯನ್ನು ತಿಳಿದು ನೋಡುವವರಿಗೆ, ತೆರೆಯ ಮೇಲೆ ಕೈಯೆತ್ತಿ ನಿಂತ ಮೋಶೆ ಎಷ್ಟೇ ಭವ್ಯನಾಗಿ ಕಂಡರೂ ತುಸು ಹಗುರವಾಗಿಯೇ ಕಾಣುತ್ತಾನೆ.