ತುಮಕೂರು ಸೀಮೆಯ ವಿದ್ಯಾರ್ಥಿನಿಲಯಗಳು: ಒಂದು ಚಾರಿತ್ರಿಕ ಅವಲೋಕನ

ಶ್ರಾವಕ ಧರ್ಮದಲ್ಲಿ ದಾನಕ್ಕೆ ಅಗ್ರಸ್ಥಾನವಿದೆ. ಆಹಾರ, ಔಷಧ, ಅಭಯ ಮತ್ತು ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳನ್ನು ಪೂರ್ವಾಚಾರ್ಯರು ಗೃಹಸ್ಥನಿಗೆ ವಿಧಿಸಿರುವರು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದ್ದು ಶಾಸ್ತ್ರದಾನಕ್ಕೆ ಮೇಲ್ಪಂಕ್ತಿಯಾಯಿತು. ಅಚ್ಚಿನ ಯಂತ್ರ ಬಂದ ಮೇಲೆ ಗ್ರಂಥವು ಸುಲಭವಾಗಿ ದೊರಕತೊಡಗಿತು. ಆದರೆ ಗ್ರಂಥವನ್ನು ಓದಬಲ್ಲ ಬಾಲಕನನ್ನು ಸಿದ್ಧಗೊಳಿಸುವುದು ಅಷ್ಟು ಸುಲಭವಾಗಲಿಲ್ಲ. ಹಳ್ಳಿಯ ಬಾಲಕನು ಪಟ್ಟಣಕ್ಕೆ ಬಂದು ಓದಬೇಕಾದರೆ ಅವನಿಗೆ ಊಟ ಬೇಕು, ಜ್ವರ ಬಂದಾಗ ಮದ್ದು ಬೇಕು, ತಂದೆತಾಯಿಗಳನ್ನು ಅಗಲಿದ ಎಳೆಯ ಮನಸ್ಸಿಗೆ ಭಯವಿಲ್ಲದ ನೆಲೆ ಬೇಕು, ಇವೆಲ್ಲದರ ಮೇಲೆ ವಿದ್ಯೆ ಬೇಕು. ಚತುರ್ವಿಧ ದಾನಗಳೂ ಒಂದೇ ಸೂರಿನ ಕೆಳಗೆ ನೆರವೇರುವ ಸ್ಥಳವೊಂದಿದ್ದರೆ ಅದು ವಿದ್ಯಾರ್ಥಿನಿಲಯವೇ ಸರಿ. ಜಿನಬಿಂಬ ಪ್ರತಿಷ್ಠೆಯ ಈ ಶುಭ ಸಂದರ್ಭದಲ್ಲಿ ತುಮಕೂರು ಸೀಮೆಯ ವಿದ್ಯಾರ್ಥಿನಿಲಯಗಳ ಚರಿತ್ರೆಯನ್ನು ಅವಲೋಕಿಸುವುದು ಉಚಿತವಾಗಿದೆ.

ಸೀಮೆಯ ಹಿನ್ನೆಲೆ

ತುಮಕೂರು ಸೀಮೆಯು ಜಿನಧರ್ಮಕ್ಕೆ ಹೊಸದಲ್ಲ. ಪಂಡಿತನಹಳ್ಳಿಯ ಸಮೀಪದ ಮಂದರಗಿರಿಯ ಬಸದಿಗಳೂ, ಗುಬ್ಬಿ ತಾಲ್ಲೂಕಿನ ನಿಟ್ಟೂರಿನಲ್ಲಿರುವ ಹೊಯ್ಸಳರ ಕಾಲದ ಶಾಂತಿನಾಥ ಬಸದಿಯೂ ಇದಕ್ಕೆ ಸಾಕ್ಷಿಯಾಗಿ ನಿಂತಿವೆ. ಬಸದಿಯು ಪೂಜಾಸ್ಥಾನವಾಗಿದ್ದಂತೆಯೇ ಪಾಠಸ್ಥಾನವೂ ಆಗಿದ್ದ ಕಾಲವೊಂದಿತ್ತು. ರಾಜಾಶ್ರಯವು ತಪ್ಪಿದ ಮೇಲೆ ಆ ಪದ್ಧತಿಯು ಕ್ಷೀಣಿಸಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಬಗೆಯ ಶಾಲೆಗಳು ತಲೆಯೆತ್ತಿದವು. ವೆಸ್ಲಿಯನ್ ಮಿಷನ್ನಿನವರು 1837ರಷ್ಟು ಹಿಂದೆಯೇ ಗುಬ್ಬಿಯಲ್ಲಿ ತಮ್ಮ ಕೇಂದ್ರವನ್ನು ತೆರೆದರು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗವು ಬಂದಿತು. ಮುಂದೆ ಗುಬ್ಬಿಯೂ ಆ ಮಾರ್ಗದ ಮೇಲೆ ಬಂದಿತು. ಕುಣಿಗಲ್ಲಿನ ಪಾಡು ಬೇರೆ. ದೊಡ್ಡ ಕೆರೆಗೂ ಕುದುರೆ ಫಾರಮ್ಮಿಗೂ ಹೆಸರಾದ ಆ ಪಟ್ಟಣವು ರೈಲನ್ನು ಕಂಡದ್ದು ಇಪ್ಪತ್ತೊಂದನೆಯ ಶತಮಾನದಲ್ಲಿ. ಬೆಂಗಳೂರು–ಹಾಸನ ಮಾರ್ಗವು ಪೂರ್ಣಗೊಂಡದ್ದು 2017ರಲ್ಲಿ. ಹೀಗಾಗಿ ಕುಣಿಗಲ್ ಕಡೆಯ ಹಳ್ಳಿಗಳ ಬಾಲಕನು ಹೈಸ್ಕೂಲು ಓದಲು ತುಮಕೂರಿಗೆ ಬಂದರೆ ಅಲ್ಲಿಯೇ ತಂಗಬೇಕಾಗಿತ್ತು. ನೆಂಟರಿದ್ದವರು ನೆಂಟರ ಮನೆಯಲ್ಲಿ ಉಳಿದರು. ಕೆಲವರು ವಾರಾನ್ನ ಮಾಡಿದರು. ಕೆಲವರು ಬಾಡಿಗೆ ಕೋಣೆ ಹಿಡಿದು ಮುದ್ದೆ ಬೇಯಿಸಿಕೊಂಡು ಓದಿದರು. ಇವಾವುದೂ ಒದಗದವರು ಓದನ್ನೇ ಬಿಟ್ಟರು. ಹಾಗೆ ಬಿಟ್ಟವರ ಲೆಕ್ಕವನ್ನು ಇಟ್ಟವರಿಲ್ಲ.

ಗುಬ್ಬಿಯ ವರ್ತಕನ ಔದಾರ್ಯ

ಈ ಕೊರತೆಯನ್ನು ಮೊದಲು ಮನಗಂಡವರಲ್ಲಿ ಒಬ್ಬ ವರ್ತಕನಿದ್ದುದು ವರ್ತಕ ಸಮಾಜಕ್ಕೆ ಅಭಿಮಾನದ ಸಂಗತಿ. ಗುಬ್ಬಿಯಲ್ಲಿ 1838ರಲ್ಲಿ ಜನಿಸಿದ ತೋಟದಪ್ಪನವರು ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಸಂಪತ್ತನ್ನು ಗಳಿಸಿದರು. ಮಕ್ಕಳಿಲ್ಲದ ಅವರು ಊರೂರುಗಳ ಮಕ್ಕಳನ್ನೇ ತಮ್ಮವರೆಂದು ಬಗೆದರು. 1897ರಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಎದುರಿಗೆ ಭೂಮಿಯನ್ನು ಕೊಂಡು, ಪ್ರಯಾಣಿಕರಿಗೆ ಧರ್ಮಛತ್ರವನ್ನೂ ವೀರಶೈವ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಸ್ಥಾಪಿಸಲು ತೊಡಗಿದರು. 1903ರಲ್ಲಿ ಛತ್ರದ ಪ್ರಾರಂಭೋತ್ಸವವು ನಡೆಯಿತು. ರಾವ್ ಬಹದ್ದೂರ್, ಧರ್ಮಪ್ರವರ್ತ ಎಂಬ ಬಿರುದುಗಳು ಅವರ ಹೆಸರಿಗೆ ಸೇರಿದವು. 1910ರಲ್ಲಿ ಅವರು ದಿವಂಗತರಾದರು. ಆದರೆ ಅವರ ಆಸ್ತಿಯು ಧರ್ಮಸಂಸ್ಥೆಯ ರೂಪದಲ್ಲಿ ಉಳಿದು ತಲೆಮಾರುಗಳ ವಿದ್ಯಾರ್ಥಿಗಳಿಗೆ ಆಸರೆಯಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತೋಟದಪ್ಪನವರು ಹಣವನ್ನು ಒಮ್ಮೆ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮೂಲಧನವು ಕರಗದಂತೆ, ಅದರ ಉತ್ಪನ್ನದಿಂದ ವರ್ಷ ವರ್ಷವೂ ಊಟವು ನಡೆಯುವಂತೆ ಏರ್ಪಾಡು ಮಾಡಿದರು. ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಬದುಕುವ ವ್ಯಾಪಾರದ ನೀತಿಯನ್ನು ಧರ್ಮಕ್ಕೆ ಅನ್ವಯಿಸಿದ್ದೇ ಅವರ ಹಿರಿಮೆ.

ಸಿದ್ಧಗಂಗೆಯ ದಾಸೋಹ

ತೋಟದಪ್ಪನವರ ನಿಲಯದಲ್ಲಿ ತಂಗಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರಲ್ಲಿ ಶಿವಣ್ಣನೆಂಬ ತರುಣನೊಬ್ಬನಿದ್ದನು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿ, ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು, ತುಮಕೂರು ಬಳಿಯ ನಾಗವಲ್ಲಿಯಲ್ಲಿ ಓದಿ, 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ ಈ ತರುಣನು ತುಮಕೂರಿನಲ್ಲಿ ಪ್ಲೇಗು ಹರಡಿದ ದಿನಗಳಲ್ಲಿ ಸಿದ್ಧಗಂಗಾ ಮಠದ ಆಶ್ರಯವನ್ನು ಪಡೆದಿದ್ದನು. 1930ರ ಮಾರ್ಚಿಯಲ್ಲಿ ಆತನೇ ಸನ್ಯಾಸವನ್ನು ಸ್ವೀಕರಿಸಿ ಶ್ರೀ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಮಠದ ಪೂರ್ಣ ಹೊಣೆಯನ್ನು ಹೊತ್ತರು.

ಮಠದಲ್ಲಿ ಶ್ರೀ ಉದ್ದಾನ ಶಿವಯೋಗಿಗಳು 1917ರಲ್ಲಿಯೇ ಸಂಸ್ಕೃತ ಪಾಠಶಾಲೆಯನ್ನು ತೆರೆದಿದ್ದರು. ಆದರೆ ಮಠಕ್ಕೆ ಆಗ ದೊಡ್ಡ ಆದಾಯವಿರಲಿಲ್ಲ. ಶಿವಕುಮಾರ ಸ್ವಾಮಿಗಳು ಹಳ್ಳಿ ಹಳ್ಳಿಗೆ ಹೋಗಿ ಭಿಕ್ಷೆಯೆತ್ತಿದರು. ಸುಗ್ಗಿಯ ಕಾಲದಲ್ಲಿ ರೈತರು ಕಣದಿಂದಲೇ ರಾಗಿಯನ್ನು ಅಳೆದುಕೊಟ್ಟರು. ತೆಂಗಿನಕಾಯಿ, ಬೆಲ್ಲ, ಕಾಳುಗಳನ್ನು ಕೊಟ್ಟರು. ಕೊಟ್ಟ ರೈತನ ಮಗನೂ, ಕೊಡಲು ಏನೂ ಇಲ್ಲದ ಕೂಲಿಯವನ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರು. ಜಾತಿ ಮತಗಳನ್ನು ಕೇಳದೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುವ ಈ ತ್ರಿವಿಧ ದಾಸೋಹದಲ್ಲಿ ಕಾಲಕ್ರಮೇಣ ವಿದ್ಯಾರ್ಥಿಗಳ ಸಂಖ್ಯೆಯು ಸುಮಾರು 10,000ಕ್ಕೆ ಏರಿತು. 2007ರಲ್ಲಿ ಕರ್ನಾಟಕ ರತ್ನ, 2015ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಸ್ವಾಮಿಗಳಿಗೆ ಸಂದವು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟವು ಮುಗಿದ ಮೇಲೆಯೇ ಆ ವಾರ್ತೆಯನ್ನು ಪ್ರಕಟಿಸಲಾಯಿತೆಂದೂ, ಅದು ಅವರದೇ ಇಚ್ಛೆಯಾಗಿತ್ತೆಂದೂ ಪತ್ರಿಕೆಗಳು ವರದಿ ಮಾಡಿದವು. ಮಕ್ಕಳು ಹಸಿದಿರಬಾರದೆಂಬ ಒಂದೇ ಚಿಂತೆಯು ಅಂತ್ಯದವರೆಗೂ ಇದ್ದಿತೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ನಿಲಯದ ದಿನಚರಿ ಮತ್ತು ವಾರದ ಕೊನೆ

ವಿದ್ಯಾರ್ಥಿನಿಲಯದ ನಿಜವಾದ ಪಾಠವು ಶಾಲೆಯ ಗಂಟೆಗಳಲ್ಲಿ ನಡೆಯುವುದಲ್ಲ. ಗಣಿತವನ್ನೂ ಚರಿತ್ರೆಯನ್ನೂ ಶಾಲೆಯ ಉಪಾಧ್ಯಾಯರು ಕಲಿಸುತ್ತಾರೆ. ಆದರೆ ನಸುಕಿನಲ್ಲಿ ಏಳುವುದು, ಹಾಸಿಗೆಯನ್ನು ಸುತ್ತಿಡುವುದು, ತಣ್ಣೀರಿನಲ್ಲಿ ಮಿಂದು ಪ್ರಾರ್ಥನೆಗೆ ನಿಲ್ಲುವುದು, ತನ್ನ ತಟ್ಟೆಯನ್ನು ತಾನೇ ತೊಳೆಯುವುದು, ಇನ್ನೊಬ್ಬನಿಗೆ ಬಡಿಸಿ ಆಮೇಲೆ ತಾನು ಕುಳಿತುಕೊಳ್ಳುವುದು ಇವನ್ನೆಲ್ಲ ಕಲಿಸುವುದು ನಿಲಯ. ಸಿದ್ಧಗಂಗೆಯಲ್ಲಿ ಬೆಳಗು ಸಂಜೆಗಳ ಸಾಮೂಹಿಕ ಪ್ರಾರ್ಥನೆಗೆ ಸಾವಿರಾರು ಮಕ್ಕಳು ಸಾಲಾಗಿ ಕುಳಿತುಕೊಳ್ಳುವ ದೃಶ್ಯವು ನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ.

ಈ ಪಾಠಕ್ಕೆ ಹೆಚ್ಚಿನ ಅವಕಾಶವು ದೊರೆಯುತ್ತಿದ್ದುದು ಶನಿವಾರ ಮಧ್ಯಾಹ್ನ ಮತ್ತು ಭಾನುವಾರಗಳಲ್ಲಿ. ಶನಿವಾರ ಬೆಳಗಿನ ಶಾಲೆಯು ಮುಗಿದೊಡನೆ ನಿಲಯಗಳಲ್ಲಿ ಬೇರೊಂದು ಚಟುವಟಿಕೆಯು ಮೊದಲಾಗುತ್ತಿದ್ದಿತು. ಅಂಗಳವನ್ನು ಗುಡಿಸುವ ಸರದಿ ಕೆಲವರದು, ಗಿಡಗಳಿಗೆ ನೀರು ಹೊಯ್ಯುವ ಸರದಿ ಕೆಲವರದು. ಬಾವಿಯ ಕಟ್ಟೆಯ ಬಳಿ ವಾರದ ಬಟ್ಟೆಗಳನ್ನು ಒಗೆಯುವ ಸದ್ದು. ಸಂಜೆ ಕಬಡ್ಡಿ, ಖೊಖೊ ಆಟಗಳು. ರಾತ್ರಿ ಭಜನೆ ಅಥವಾ ಚರ್ಚಾಕೂಟ. ಸಭೆಯೆದುರು ನಿಂತು ಎರಡು ಮಾತಾಡಲು ನಡುಗುತ್ತಿದ್ದ ಹಳ್ಳಿಯ ಬಾಲಕರು ಈ ಕೂಟಗಳಲ್ಲಿಯೇ ನಾಲಗೆಯನ್ನು ತಿದ್ದಿಕೊಂಡರು. ಕೈಬರಹದ ಪತ್ರಿಕೆಗಳಲ್ಲಿ ತಮ್ಮ ಹೆಸರನ್ನು ಕಂಡು ಹಿಗ್ಗಿದರು.

ಭಾನುವಾರವು ಎಣ್ಣೆಸ್ನಾನದ ದಿನ, ಮನೆಗೆ ಕಾರ್ಡು ಬರೆಯುವ ದಿನ, ತಂದೆಯು ಬುತ್ತಿಯೊಡನೆ ಬರಬಹುದೆಂದು ಬಾಗಿಲ ಕಡೆ ಕಣ್ಣಿಡುವ ದಿನ. ಬಂದ ಚಕ್ಕುಲಿ, ಹುರಿಗಾಳುಗಳು ಕೋಣೆಯವರಿಗೆಲ್ಲ ಹಂಚಿಹೋಗುತ್ತಿದ್ದವು. ಯಾರೂ ಬಾರದ ಬಾಲಕನಿಗೂ ಪಾಲಿರುತ್ತಿದ್ದಿತು. ದೇವರಾಯನದುರ್ಗದ ಬೆಟ್ಟ, ನಾಮದ ಚಿಲುಮೆ, ಮಂದರಗಿರಿಗಳು ತುಮಕೂರಿನ ವಿದ್ಯಾರ್ಥಿಗಳಿಗೆ ಕಾಲ್ನಡಿಗೆಯ ಪ್ರವಾಸಕ್ಕೆ ಒದಗಿದ ತಾಣಗಳು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ವೀರಣ್ಣನವರು ನಾಡಿನ ಹೆಮ್ಮೆಯಾಗಿಸಿದ ಸೀಮೆಯಿದು. ಇಲ್ಲಿಯ ಹುಡುಗರಿಗೆ ನಾಟಕದ ಹುಚ್ಚು ಇದ್ದುದರಲ್ಲಿ ಸೋಜಿಗವಿಲ್ಲ. ಕಂಪನಿಯ ನಾಟಕಕ್ಕೆ ಕದ್ದು ಹೋಗುವುದನ್ನು ತಡೆಯಲು ನಿಲಯದಲ್ಲಿಯೇ ನಾಟಕವಾಡಿಸುವುದು ಜಾಣ ಮೇಲ್ವಿಚಾರಕರ ಉಪಾಯವಾಗಿದ್ದಿತು. ಶಿವರಾತ್ರಿಯ ಸಮಯದ ಸಿದ್ಧಗಂಗಾ ಜಾತ್ರೆಯಂತೂ ದನಗಳ ಪರಿಷೆ, ವಸ್ತುಪ್ರದರ್ಶನಗಳಿಂದ ತುಂಬಿ ಮಕ್ಕಳಿಗೆ ದೊಡ್ಡ ಪಾಠಶಾಲೆಯೇ ಆಯಿತು.

ಜೈನ ಬೋರ್ಡಿಂಗುಗಳು

ಜೈನ ಬಾಲಕನಿಗೆ ಪರಸ್ಥಳದಲ್ಲಿ ಇನ್ನೊಂದು ತೊಡಕಿದ್ದಿತು. ಸೂರ್ಯಾಸ್ತದ ನಂತರ ಉಣ್ಣಬಾರದು, ಸೋಸದ ನೀರನ್ನು ಕುಡಿಯಬಾರದು, ಕಂದಮೂಲಗಳನ್ನು ವರ್ಜಿಸಬೇಕು. ಈ ನಿಯಮಗಳು ಹೋಟೆಲಿನಲ್ಲಿ ನಡೆಯವು. ಬೇರೆಯವರ ಮನೆಯಲ್ಲಿ ಕೇಳಲು ಸಂಕೋಚ. ವ್ರತ ಕೆಡುವುದೆಂಬ ಭಯದಿಂದ ಮಕ್ಕಳನ್ನು ಊರಿನಲ್ಲಿಯೇ ಉಳಿಸಿಕೊಂಡು ಅಂಗಡಿಯ ಗಲ್ಲದ ಮುಂದೆ ಕೂರಿಸಿದ ಹಿರಿಯರು ಕಡಿಮೆಯಿಲ್ಲ. ಮುಂಬಯಿಯ ಜವಾಹಿರಿ ವರ್ತಕ ಸೇಠ್ ಮಾಣಿಕಚಂದ್ ಹೀರಾಚಂದರು (1851–1914) ಈ ತೊಡಕನ್ನು ಅರಿತು ಜೈನ ಬೋರ್ಡಿಂಗುಗಳ ಸ್ಥಾಪನೆಗೆ ಧನವನ್ನು ಧಾರೆಯೆರೆದರು. 1899ರಲ್ಲಿ ಸ್ಥಾಪಿತವಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಪ್ರಯತ್ನದಿಂದ ಕೊಲ್ಲಾಪುರ, ಸಾಂಗಲಿಗಳಲ್ಲಿಯೂ, ಕನ್ನಡ ನಾಡಿನ ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೂ ಬೋರ್ಡಿಂಗುಗಳು ನಡೆದವು. ಧರ್ಮಸ್ಥಳದ ಶ್ರೀ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯಲ್ಲಿ ಸಿದ್ಧವನ ಗುರುಕುಲವನ್ನು ತೆರೆದರು. ಇಂತಹ ನಿಲಯಗಳಲ್ಲಿ ಸಂಜೆಯ ಊಟವನ್ನು ಹೊತ್ತು ಮುಳುಗುವ ಮೊದಲೇ ಮುಗಿಸುವುದರಿಂದ ದಿನದ ಎಲ್ಲ ಕೆಲಸಗಳೂ ತಾವಾಗಿಯೇ ಹೊತ್ತಿಗೆ ಸರಿಯಾಗಿ ಜರುಗುವವು. ಊಟದ ಮೇಲೆ ಆರತಿ, ಆರತಿಯ ಮೇಲೆ ಓದು. ಬಾಲಿಕೆಯರ ವಿಷಯದಲ್ಲಿ ಸಮಾಜವು ತಡವಾಗಿ ಎಚ್ಚತ್ತಿತು; ಆದರೂ ಬಿಹಾರದ ಆರಾ ಪಟ್ಟಣದಲ್ಲಿ ಪಂಡಿತೆ ಚಂದಾಬಾಯಿಯವರು 1921ರಲ್ಲಿಯೇ ಜೈನ ಬಾಲಾವಿಶ್ರಾಮವನ್ನು ಸ್ಥಾಪಿಸಿ ದಾರಿ ತೋರಿದ್ದರು.

ಈ ಪರಂಪರೆಯಲ್ಲಿ ನೆನೆಯಲೇಬೇಕಾದ ಮತ್ತೊಂದು ಹೆಸರು ಕರ್ಮವೀರ ಭಾವುರಾವ್ ಪಾಟೀಲರದು. 1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಜನಿಸಿ, ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿ ಓದಿದ ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರದಲ್ಲಿ ಅವರು ತೆರೆದ ವಿದ್ಯಾರ್ಥಿನಿಲಯದಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳೂ ಉಳಿದವರ ಮಕ್ಕಳೂ ಕೂಡಿ ದುಡಿದರು, ಕೂಡಿ ಉಂಡರು, ಕೂಡಿ ಓದಿದರು. ಅಡಿಗೆಗೆ ಧಾನ್ಯವು ತೀರಿದಾಗ ಅವರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು ಮಾರಿ, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಜೈನ ದಂಪತಿಗಳು ಸಾತಾರದಲ್ಲಿಯೂ ವೀರಶೈವ ಯತಿಗಳು ತುಮಕೂರಿನಲ್ಲಿಯೂ ಒಬ್ಬರನ್ನೊಬ್ಬರು ಅನುಸರಿಸದೆಯೇ ಒಂದೇ ತೀರ್ಮಾನಕ್ಕೆ ಬಂದರು: ಹಸಿದ ಬಾಲಕನಿಗೆ ಕುಲವಿಲ್ಲ.

ಸಮಾಜದ ಮುಂದಿರುವ ಕರ್ತವ್ಯ

ಇಂದು ಸರ್ಕಾರದ ವಿದ್ಯಾರ್ಥಿನಿಲಯಗಳು ತಾಲ್ಲೂಕು ಕೇಂದ್ರಗಳಲ್ಲೆಲ್ಲ ಇವೆ; ಬಸ್ಸುಗಳು ಹಳ್ಳಿಗಳಿಗೆ ಹೋಗುತ್ತವೆ. ಹೀಗಿರುವಾಗ ಸಮಾಜದ ನಿಲಯಗಳು ಏತಕ್ಕೆಂದು ಕೇಳುವವರುಂಟು. ಹಾಸಿಗೆಯನ್ನೂ ಊಟವನ್ನೂ ಸರ್ಕಾರವು ಒದಗಿಸಬಲ್ಲುದು; ಆದರೆ ಶನಿವಾರ ಭಾನುವಾರಗಳನ್ನು ತುಂಬಿಕೊಡುವ ಹಿರಿಯರನ್ನು ಸುತ್ತೋಲೆಯಿಂದ ಒದಗಿಸಲಾಗದು. ಬಿಡುವಿನ ವೇಳೆಯಲ್ಲಿ ಬಾಲಕನು ಯಾರ ಜೊತೆಗಿದ್ದಾನೆ, ಏನು ಮಾಡುತ್ತಾನೆ ಎಂಬುದರಿಂದ ಅವನ ಶೀಲವು ರೂಪುಗೊಳ್ಳುತ್ತದೆ. ಕೈಯೊಳಗಿನ ಮೊಬೈಲೇ ಜೊತೆಗಾರನಾಗಿರುವ ಈ ದಿನಗಳಲ್ಲಿ ಈ ಮಾತು ಇನ್ನಷ್ಟು ಸತ್ಯವಾಗಿದೆ. ಊರಿನ ವೈದ್ಯರು, ವಕೀಲರು, ಉಪಾಧ್ಯಾಯರು, ವರ್ತಕರು ತಿಂಗಳಿಗೆ ಒಂದು ಭಾನುವಾರವನ್ನು ನಿಲಯದ ಮಕ್ಕಳಿಗಾಗಿ ಮೀಸಲಿಟ್ಟರೆ ಅದು ಹಣಕ್ಕಿಂತ ಮಿಗಿಲಾದ ದಾನವಾಗುವುದು.

ಪಂಚಕಲ್ಯಾಣ ಮಹೋತ್ಸವವು ಕೆಲವು ದಿನಗಳಲ್ಲಿ ಸಂಪನ್ನವಾಗುವುದು. ಕಳಶಗಳ ಸವಾಲು ಮುಗಿಯುವುದು, ಚಪ್ಪರವು ಬಿಚ್ಚಲ್ಪಡುವುದು. ಅನಂತರ ಬಸದಿಯ ಬಾಗಿಲನ್ನು ದಿನವೂ ತೆರೆಯುವವರು ಯಾರು, ಅಭಿಷೇಕದ ಅರ್ಥವನ್ನು ಬಲ್ಲವರು ಯಾರು ಎಂಬ ಪ್ರಶ್ನೆಯು ಉಳಿಯುವುದು. ಬಿಂಬಕ್ಕೆ ಮಂತ್ರದಿಂದ ಪ್ರಾಣಪ್ರತಿಷ್ಠೆಯಾದಂತೆ, ಬಸದಿಗೆ ಮಕ್ಕಳಿಂದ ಪ್ರಾಣಪ್ರತಿಷ್ಠೆಯಾಗಬೇಕಾಗಿದೆ. ಉತ್ಸವಕ್ಕೆ ಕೂಡಿದ ಧನದಲ್ಲಿ ಒಂದು ಭಾಗವನ್ನು ಮೂಲಧನವಾಗಿ ಬೇರ್ಪಡಿಸಿ, ಅದರ ಉತ್ಪನ್ನದಿಂದ ಓದುವ ಬಾಲಕ ಬಾಲಿಕೆಯರ ಊಟ ವಸತಿಗಳಿಗೆ ಶಾಶ್ವತ ಏರ್ಪಾಡು ಮಾಡುವುದು ಕಷ್ಟಸಾಧ್ಯವಲ್ಲ. ಗುಬ್ಬಿಯ ವರ್ತಕರೊಬ್ಬರು ನೂರಿಪ್ಪತ್ತು ವರ್ಷಗಳ ಹಿಂದೆ ಒಬ್ಬಂಟಿಯಾಗಿ ಮಾಡಿದ್ದನ್ನು ಶ್ರಾವಕ ಶ್ರಾವಿಕೆಯರು ಒಟ್ಟುಗೂಡಿ ಮಾಡಲಾರರೆ? ಹಾಗೆ ಮಾಡುವ ಸದ್ಬುದ್ಧಿಯೂ ಸಾಮರ್ಥ್ಯವೂ ಸಮಾಜಕ್ಕೆ ಒದಗಲಿ. ಚತುರ್ವಿಧ ದಾನದ ದೀಪವು ಎಂದೆಂದೂ ಬೆಳಗಲಿ.